ಒಂದೂವರೆ ಆಣೆ ರಸ್ತಾ

ಮೂವತ್ತಮೂರು ಅಡಿ ಸರಪಳಿ, ಹದಿನಾರು ಆಣೆ.
ಒಂದು ತುದಿ ನನ್ನ ಕೈಯಾಗ, ಇನ್ನೊಂದು ಮಶಾಕನ ಕೈಯಾಗ,
ನಡುವ ಯರಿ ಹೊಲ.
ಬಿಸಿಲಿಗೆ ಕಬ್ಬಿಣ ಕಾದು ಅಂಗೈ ಸುಡತಿತ್ತು,
ಬಗ್ಗಿದ್ರ ತೊಗರಿ ಕೂಳಿ ಚುಚ್ಚತಿದ್ದವು.
ಸರ್ವೆ ನಂಬರ್ ಎಂಬತ್ತಮೂರು, ಹನ್ನೊಂದು ಎಕರೆ ನಾಕು ಗುಂಟೆ:
ಅದನ್ನ ಓಣಿ ಮಾಡಿದವರು ನಾವಿಬ್ಬರು.

ಓಣಿ ಅಂದ್ನಾ? ತಪ್ಪಾತು. ಓಣಿ ಬ್ಯಾರೆ.
ನಾ ಹುಟ್ಟಿದ್ದು ಬ್ರಹ್ಮಪುರದಾಗ.
ಅಲ್ಲಿ ಯಾವ ಓಣಿಗೂ ನೆಟ್ಟಗ ಹೋಗೋ ಚಟ ಇಲ್ಲ,
ಯಾವ ಓಣಿನೂ ನಡುವ ಕೈ ಬಿಡಂಗಿಲ್ಲ.
ಶಹಾಬಜಾರಕ್ಕ ಹೋಗಬೇಕಂದ್ರ
ಗಿರಣಿ ಮಗ್ಗಲಿಂದ ಹೋಗ್ರಿ, ಮಸೂತಿ ಹಿಂದಿನಿಂದ ಹೋಗ್ರಿ,
ದರ್ಜಿ ಗುಂಡೇರಾಯನ ಕಟ್ಟಿ ಹತ್ತಿ ಇಳಿದು ಹೋಗ್ರಿ,
ಪರಸಿ ಕಲ್ಲೇ ಕಾಲಿಗೆ ದಾರಿ ಹೇಳತದ.
ಒಮ್ಮೆ ಮದಿವಿ ಬಾಜಾ ಒಂದು ಕಡಿಂದ,
ಹೆಣ ಒಂದು ಕಡಿಂದ ಬಂದು ಎದುರಾದ್ವು.
ಬಾಜಾದವರು ಸುಮ್ಮನಾದ್ರು,
ಮದಿಮಗ ಕುದುರಿ ತಿರುವಿ ಇನ್ನೊಂದು ಗಲ್ಲಿ ಹಿಡಿದ.
ಇಬ್ಬರೂ ಟೈಮಿಗೆ ಮುಟ್ಟಿದ್ರು.

ಊರು ಆಮ್ಯಾಲ ಕ್ವಾಟಿ ಕಂದಕ ಬಿಟ್ಟು ಹೊಂಟಿತು.
ಜಗತ್ ದಾಟಿತು, ಸ್ಟೇಷನ್ ದಾಟಿತು,
ರಿಂಗ್ ರೋಡು ಹಾಕಿ ಇಲ್ಲಿಗೆ ಸಾಕು ಅಂದ್ರು,
ಅದನ್ನೂ ಹೊಸ್ತಿಲ ದಾಟಿದಂಗ ದಾಟಿತು.
ಸೇಡಂ ರೋಡಿಗೊಂದು ಕಾಲು, ಆಳಂದ ರೋಡಿಗೊಂದು ಕಾಲು,
ನಡುವಿಂದು ತೊಗರಿನೂ ಅಲ್ಲ, ಮನೀನೂ ಅಲ್ಲ,
ಬರೇ ಸುಣ್ಣ ಬಳಿದ ಕಲ್ಲು.
ಒಬ್ಬೊಬ್ಬರ ಹೊಲ ಒಂದೊಂದು ನಗರ,
ಮಗಳ ಹೆಸರು, ಮನಿ ದೇವರ ಹೆಸರು;
ಒಬ್ಬರ ರೋಡು ಇನ್ನೊಬ್ಬರ ರೋಡಿನ ಮಾರಿ ನೋಡಂಗಿಲ್ಲ.

ನಕ್ಷೆದಾಗ ನಲವತ್ತು ಅಡಿ ರಸ್ತಾ ಇತ್ತು,
ಎಂಬತ್ತಮೂರರಿಂದ ಎಂಬತ್ನಾಲ್ಕಕ್ಕ ನೆಟ್ಟಗ,
ಚುಕ್ಕಿ ಚುಕ್ಕಿ ಗೆರಿ.
ಲೇಔಟಿನ ಧಣಿ ಒಂದು ಸಂಜಿ ಚಹಾ ತರಿಸಿದ.
"ಆಚೆ ಕಡಿಯವ ರೋಡು ಬಿಡತಾನೋ ಇಲ್ಲೋ ಯಾರಿಗ್ಗೊತ್ತು.
ಇಲ್ಲಿಗೇ ಮುಚ್ಚಿದ್ರ ಒಂದು ಪ್ಲಾಟು ಜಾಸ್ತಿ ಬೀಳತದ."
ಬಿತ್ತು. ಅರವತ್ತೊಂದನೇ ನಂಬರ್.
ಅರ್ಧ ರೇಟಿಗೆ ಅದನ್ನ ತೊಗೊಂಡಾವ ನಾನೇ.
ಮಶಾಕ ತನ್ನ ತುದಿ ನೆಲಕ್ಕಿಟ್ಟು ಬ್ಯಾಡ ಅಂದ.
ಚಹಾ ಆರತದ ಅಂದೆ ನಾ.

ರಸ್ತಾದ ಬಾಯಾಗ ಮನಿ ಕಟ್ಟಿ ಹನ್ನೆರಡು ವರ್ಷ.
ಪಡಸಾಲಿ ನಡುವ ಡಾಂಬರು ಹಾಯಬೇಕಿತ್ತು,
ದೇವರ ಕೋಣಿ ಇರೋದು ಫುಟ್‌ಪಾತ್ ಮ್ಯಾಲ.
ಹಿತ್ತಲ ಗ್ವಾಡಿ ಆಚೆ ಎಂಬತ್ನಾಲ್ಕು;
ಅವರ ರೋಡೂ ಅಲ್ಲಿಗೇ ಬಂದು ಹಣಿ ಹಚ್ಚಿ ನಿಂತದ.
ಅಲ್ಲಿ ಕುಕ್ಕರ್ ಕೂಗಿದ್ರ ನಮ್ಮಾಕಿ ತನ್ನ ಒಲಿ ಸಣ್ಣ ಮಾಡತಾಳ.
ಹೋಗಬೇಕಂದ್ರ ಮಾತ್ರ
ಮೇನ್ ರೋಡು, ಪೆಟ್ರೋಲ್ ಬಂಕು, ಯೂ ಟರ್ನು, ಕಮಾನು,
ಎರಡು ಕಿಲೋಮೀಟರು, ಮ್ಯಾಲ ಮುನ್ನೂರು ಮೀಟರು.
ಅಳೆದೀನಿ. ಅಳಿಯೋ ಚಟ ಹೋಗಿಲ್ಲ.

ರೊಟ್ಟಿ ಜಗದೇವಿ ಈ ಕಡೆ ಹದಿನಾಲ್ಕು ಮನಿಗೆ,
ಆ ಕಡೆ ಒಂಬತ್ತಕ್ಕ ಕೊಡತಾಳ. ತಲಿ ಮ್ಯಾಲ ಬುಟ್ಟಿ.
ಮೇ ತಿಂಗಳು, ನಮ್ಮ ನೆಳ್ಳಾಗ ಬುಟ್ಟಿ ಇಳಿಸಿ ಕೇಳಿದ್ಳು:
"ಕಾಕಾ, ರೋಡು ನಿಮ್ಮ ಮನಿಗೆ ಬಂದು ಯಾಕ ಮುಗಿತದ?"
ದೂರಲ್ಲ. ಸುಮ್ಮನ ಕೇಳಿದ್ದು.
ನಾ ನೀರು ತಂದುಕೊಟ್ಟೆ.

ಶ್ರಾವಣದಾಗ ಗೌಂಡಿ ಕರಿಸಿ ಗ್ವಾಡಿ ಒಡಿಸಿದೆ.
ಕಾಂಪೌಂಡ್ ಸಂದ್ಯಾಗಿಂದ ಹಿತ್ತಲಕ್ಕ ದಾರಿ,
ಕೊನಿಗೆ ತಗಡಿನ ಬಾಗಿಲು, ಅಗಳಿ ಇಲ್ಲ.
ಈಗ ನಮ್ಮ ಬಚ್ಚಲ ಮಗ್ಗಲ
ಹಾಲಿನವ, ಸಾಲಿ ಹುಡುಗರು,
ರಾಡಿಗೆ ಹೆದರಿ ಚಪ್ಪಲಿ ಕೈಯಾಗ ಹಿಡಿದ ಟ್ಯೂಷನ್ ಟೀಚರಮ್ಮ,
ಒಮ್ಮೆ ಒಂದು ಎಮ್ಮಿ.
ನಮ್ಮಾಕಿ ಬೈತಾಳ,
ಬೈಕೋತನೇ ದಾಸಾಳದ ಕುಂಡ ಬಾಜು ಸರಸ್ಯಾಳ.

ಮೊನ್ನೆ ರಾತ್ರಿ ಆಂಬುಲೆನ್ಸು ತಪ್ಪಿ
ಆ ಕಡೆ ಬಂದು ನಿಂತಿತ್ತು, ಪೇಶೆಂಟು ಈ ಕಡೆ.
ನೀಲಿ ಬೆಳಕು ತಗಡಿನ ಬಾಗಿಲು ಹಾದು
ನಮ್ಮ ಅಡಿಗಿಮನಿ ಗ್ವಾಡಿ ಮ್ಯಾಲ ತಿರಗತಿತ್ತು.
ನಾಕು ಮಂದಿ ಮಂಚ ವಾಲಿಸಿ, ಮುದುಕನ್ನ ಹಿಡಿದು ದಾಟಿಸಿದ್ರು.
ಬಾಗಿಲ ಅಂಚು ಅವನ ಮೊಣಕೈ ತರಚಿತು.

ಬೆಳಿಗ್ಗೆ ಅಟ್ಟದಿಂದ ಸರಪಳಿ ಇಳಿಸಿದೆ,
ಆಫೀಸು ರದ್ದಿಗೆ ಹಾಕಿದ್ದು. ತುಕ್ಕು.
ಇನ್ನೊಂದು ತುದಿ ಹಿಡಿಲಿಕ್ಕ ಮಶಾಕಿಲ್ಲ,
ಬಾಗಿಲ ಕೀಲಿಗೆ ಸಿಗಿಸಿ ಎಳೆದೆ.
ಮೂರಡಿ. ಒಂದೂವರೆ ಆಣೆ, ಅದೂ ಹೆಚ್ಚುಕಮ್ಮಿ.
ನಕ್ಷೆದಾಗ ನಲವತ್ತು.
ಮೂವತ್ತೇಳು ಅಡಿ ಬಾಕಿ.
ಅದರೊಳಗ ನಾವು ಮಲಕೋತೀವಿ.